ಪೆಡಲಿಗೆ ಪಗಾರ: ಮಹಿಳಾ ಸೈಕಲ್ ರೇಸಿಂಗ್ ವೃತ್ತಿಯಾದ ಬಗೆ, ಬ್ರಿಟನ್ನಿನಿಂದ ಹೈದರಾಬಾದಿನವರೆಗೆ

ಪೀಠಿಕೆ

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಬಯಲು ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಪಥ, ಇದೆ. 2002ರ ಡಿಸೆಂಬರಿನಲ್ಲಿ ನಗರವು 32ನೇ ರಾಷ್ಟ್ರೀಯ ಕ್ರೀಡಾಕೂಟವನ್ನು ನಡೆಸಿದಾಗ ಕಟ್ಟಿದ್ದು ಅದು. ಮರುವರ್ಷ ಇದೇ ನಗರದಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ ನಡೆಯಿತು. ಅದರ ಎಂಟು ಕ್ರೀಡೆಗಳಲ್ಲಿ ಸೈಕ್ಲಿಂಗ್ ಇರಲಿಲ್ಲ. ಕೂಟಕ್ಕಾಗಿ ಪಥ ಕಟ್ಟುವುದು ಒಂದು ಕೆಲಸ, ಆ ಪಥದಲ್ಲಿ ಓಡುವವರಿಗೆ ಬದುಕು ಕಟ್ಟಿಕೊಡುವುದು ಇನ್ನೊಂದು ಕೆಲಸ.

ಸೈಕಲ್ ರೇಸಿಂಗಿನ ಚರಿತ್ರೆಯನ್ನು ಬಹುಮಟ್ಟಿಗೆ ಗೆಲುವು ಮತ್ತು ದಾಖಲೆಗಳ ಪಟ್ಟಿಯಾಗಿಯೇ ಬರೆಯಲಾಗಿದೆ. ಈ ಲೇಖನ ಕೇಳುವ ಪ್ರಶ್ನೆ ಬೇರೆ: ಹೆಣ್ಣುಮಗಳೊಬ್ಬಳು ವರ್ಷವಿಡೀ ಸೈಕಲ್ ತುಳಿಯಲು ಬೇಕಾದ ಹಣವನ್ನು ಯಾವ ಕಾಲದಲ್ಲಿ ಯಾರು ಕೊಟ್ಟರು, ಏನನ್ನು ಬಯಸಿ ಕೊಟ್ಟರು? ಇದಕ್ಕೆ ಹೆಚ್ಚು ದಾಖಲೆ ಉಳಿದಿರುವುದು ಬ್ರಿಟನ್ನಿನಲ್ಲಿ. ಆದ್ದರಿಂದ ಅಲ್ಲಿನ ನಾಲ್ವರು ಸೈಕಲ್ ಪಟುಗಳ ವೃತ್ತಿಜೀವನವನ್ನು ಮೊದಲು ನೋಡಿ, ಆಮೇಲೆ ಹೈದರಾಬಾದ್ ಮತ್ತು ವಿಜಯಪುರದ ಕಡೆಗೆ ಬರೋಣ. ಹಣ ಕೊಡುವವರು ಬದಲಾದಂತೆಲ್ಲ ರೇಸಿನ ಸ್ವರೂಪವೂ, ವೃತ್ತಿಯ ಆಯುಷ್ಯವೂ ಬದಲಾಗುತ್ತದೆ ಎಂಬುದು ಈ ಲೇಖನದ ವಾದ.

ಕಂಪನಿ ಕೊಟ್ಟ ಸಂಬಳ: ಐಲೀನ್ ಶೆರಿಡನ್

1930ರ ದಶಕದ ಬ್ರಿಟನ್ನಿನ ರಸ್ತೆಗಳಲ್ಲಿ ಗುಂಪಾಗಿ ಹೊರಟು ಓಡುವ ರೇಸಿಗೆ ಕ್ರೀಡಾ ಆಡಳಿತದ ಒಪ್ಪಿಗೆ ಇರಲಿಲ್ಲ. ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡುವ ಟೈಮ್ ಟ್ರಯಲ್ ಮತ್ತು ಊರಿಂದೂರಿಗೆ ಓಡುವ ದಾಖಲೆಯ ಪ್ರಯತ್ನ, ಇವೆರಡೇ ಅಲ್ಲಿನ ರೂಢಿ. ಹೆಂಗಸರ ದಾಖಲೆಗಳಿಗೆ ಮಾನ್ಯತೆ ಕೊಡಲು 1934ರಲ್ಲಿ ಮಹಿಳಾ ರಸ್ತೆ ದಾಖಲೆಗಳ ಸಂಘ ಹುಟ್ಟಿತು. ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಸೈಕಲ್ ಕಂಪನಿ ಇದರಲ್ಲಿ ಜಾಹೀರಾತಿನ ಅವಕಾಶವನ್ನು ಕಂಡಿತು. ಅದರ ಪರವಾಗಿ ಓಡಿದ ಮಾರ್ಗರೀಟ್ ವಿಲ್ಸನ್, ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿನಲ್ಲೇ, ಬ್ರಿಟನ್ನಿನ ನೈಋತ್ಯ ತುದಿಯ ಲ್ಯಾಂಡ್ಸ್ ಎಂಡ್‌ನಿಂದ ಉತ್ತರದ ಜಾನ್ ಓ ಗ್ರೋಟ್ಸ್‌ವರೆಗಿನ ದಾರಿಯನ್ನು ಮೂರು ದಿನದೊಳಗೆ ಕ್ರಮಿಸಿದರು.

ಯುದ್ಧದ ನಂತರ ಆ ಜಾಗಕ್ಕೆ ಬಂದವರು ಕೊವೆಂಟ್ರಿಯ ಐಲೀನ್ ಶೆರಿಡನ್ (1923-2023). ಎತ್ತರ 4 ಅಡಿ 11 ಅಂಗುಲ. ತಾಯಿಯಾದ ಮೇಲೆ, 1949ರಲ್ಲಿ, ಹನ್ನೆರಡು ಗಂಟೆಗಳಲ್ಲಿ 237.62 ಮೈಲಿ ಓಡಿ ದಾಖಲೆ ಬರೆದರು. 1951ರಲ್ಲಿ ಹರ್ಕ್ಯುಲಿಸ್ ಅವರನ್ನು ಮೂರು ವರ್ಷದ ಒಪ್ಪಂದಕ್ಕೆ ತೆಗೆದುಕೊಂಡಿತು. ಸಂಬಳ ಪಡೆದವರಿಗೆ ಹವ್ಯಾಸಿಗಳ ಸ್ಪರ್ಧೆಯಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ವೃತ್ತಿಗೆ ಕಾಲಿಟ್ಟ ದಿನದಿಂದ ಶೆರಿಡನ್ ಅವರಿಗೆ ಪಕ್ಕದಲ್ಲಿ ಓಡುವ ಎದುರಾಳಿಯೇ ಇಲ್ಲವಾದರು. ಉಳಿದದ್ದು ದೂರ ಮತ್ತು ಗಡಿಯಾರ. ಸಂಘದ ಪಟ್ಟಿಯಲ್ಲಿದ್ದ 21 ದಾಖಲೆಗಳನ್ನೂ ಅವರು ಮುರಿದರು. 1954ರ ಜುಲೈನಲ್ಲಿ, ಲ್ಯಾಂಡ್ಸ್ ಎಂಡ್‌ನಿಂದ ಜಾನ್ ಓ ಗ್ರೋಟ್ಸ್‌ವರೆಗಿನ ಸುಮಾರು 1,400 ಕಿಲೋಮೀಟರಿನ ದಾರಿಯನ್ನು 2 ದಿನ 11 ಗಂಟೆ 7 ನಿಮಿಷದಲ್ಲಿ ಮುಗಿಸಿ, ಸ್ವಲ್ಪ ಹೊತ್ತು ವಿರಮಿಸಿ, ಮತ್ತೆ ಸೈಕಲ್ ಏರಿ ಒಟ್ಟು 1,000 ಮೈಲಿಯನ್ನು 3 ದಿನ 1 ಗಂಟೆಯಲ್ಲಿ ಪೂರ್ತಿ ಮಾಡಿದರು. ಈ ಎರಡನೆಯ ದಾಖಲೆ 48 ವರ್ಷ ನಿಂತಿತು. ಮುರಿಯಲು ಬೇರೆ ದಾಖಲೆ ಉಳಿಯದಿದ್ದಾಗ ಕಂಪನಿಗೆ ಮಾರಲು ಹೊಸ ಸುದ್ದಿಯೂ ಉಳಿಯಲಿಲ್ಲ. ಅವರ ವೃತ್ತಿಯೂ ಅಲ್ಲಿಗೆ ನಿಂತಿತು.

ಇದೇ ಹರ್ಕ್ಯುಲಿಸ್ ಭಾರತಕ್ಕೂ ಬಂತು. ಅದರ ಒಡೆತನ ಪಡೆದಿದ್ದ ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಮತ್ತು ಮುರುಗಪ್ಪ ಮನೆತನ ಸೇರಿ 1949ರಲ್ಲಿ ಟಿಐ ಸೈಕಲ್ಸ್ ಆಫ್ ಇಂಡಿಯಾವನ್ನು ಕಟ್ಟಿದವು. ಮದ್ರಾಸಿನ ಅಂಬತ್ತೂರು ಕಾರ್ಖಾನೆಯಲ್ಲಿ 1951ರಿಂದ ಹರ್ಕ್ಯುಲಿಸ್ ತಯಾರಾಯಿತು. ಕೊವೆಂಟ್ರಿಯ ಗೃಹಿಣಿಗೆ ಸಂಬಳ ಕೊಟ್ಟು ದಾಖಲೆ ಮುರಿಸಿದ ವರ್ಷಗಳಲ್ಲೇ ಆ ಹೆಸರಿನ ಗಟ್ಟಿ ಸೈಕಲ್ಲು ದಕ್ಷಿಣ ಭಾರತದ ಹಾಲು ಮಾರುವವರ, ಅಂಚೆಯವರ, ಗುಮಾಸ್ತರ ವಾಹನವಾಯಿತು. ಬ್ರಿಟನ್ನಿನಲ್ಲಿ ವೇಗವನ್ನು ತೋರಿಸಿ ಮಾರಿದ ಸರಕು ಇಲ್ಲಿ ಭಾರ ಹೊರುವ ಶಕ್ತಿಯಿಂದಲೇ ಮಾರಾಟವಾಗುತ್ತಿತ್ತು. ರೇಸು ಓಡುವ ಹೆಣ್ಣಿಗೆ ಸಂಬಳ ಕೊಡುವ ವ್ಯಾಪಾರದ ಕಾರಣವೇ ಇಲ್ಲಿ ಹುಟ್ಟಲಿಲ್ಲ.

ಸಂಬಳ ಬೇಡವೆಂದ ಬೆರಿಲ್ ಬರ್ಟನ್

ಯಾರ್ಕ್‌ಷೈರಿನ ಬೆರಿಲ್ ಬರ್ಟನ್ (1937-1996) ಇದಕ್ಕೆ ತದ್ವಿರುದ್ಧದ ಉದಾಹರಣೆ. ಹೊಲದಲ್ಲಿ ದುಡಿದು, ಮನೆ ನಡೆಸಿ, ಹವ್ಯಾಸಿಯಾಗಿಯೇ ಉಳಿದರು. ಟ್ರ್ಯಾಕಿನ ಪರ್ಸ್ಯೂಟ್ ಸ್ಪರ್ಧೆಯಲ್ಲಿ ಐದು, ರಸ್ತೆ ರೇಸಿನಲ್ಲಿ ಎರಡು ವಿಶ್ವ ಪ್ರಶಸ್ತಿ ಗೆದ್ದರು. ಬ್ರಿಟನ್ನಿನ ಅತ್ಯುತ್ತಮ ಸರ್ವಾಂಗೀಣ ಸೈಕಲ್ ಪಟು ಎಂಬ ಪಟ್ಟ 1959ರಿಂದ 1983ರವರೆಗೆ ಸತತ 25 ವರ್ಷ ಅವರದಾಗಿತ್ತು. 1967ರಲ್ಲಿ ಹನ್ನೆರಡು ಗಂಟೆಯ ಸ್ಪರ್ಧೆಯಲ್ಲಿ 277.25 ಮೈಲಿ ಓಡಿ, ಅದೇ ದಿನ ಗಂಡಸರ ಹೊಸ ದಾಖಲೆ ಬರೆದ ಮೈಕ್ ಮೆಕ್ನಮಾರಾ ಅವರನ್ನೂ ಹಿಂದಿಕ್ಕಿದರು. ಗಂಡಸರು ಆ ದೂರವನ್ನು ದಾಟಿದ್ದು 1969ರಲ್ಲಿ, ಹೆಂಗಸರು 2017ರಲ್ಲಿ.

ಸಂಬಳವಿಲ್ಲದ ಈ ವೃತ್ತಿಜೀವನ ಸಂಬಳದ ವೃತ್ತಿಗಿಂತ ಹಲವು ಪಟ್ಟು ದೀರ್ಘವಾಗಿತ್ತು. ಅವರನ್ನು ಕಟ್ಟಿಹಾಕುವ ಒಪ್ಪಂದ ಇರಲಿಲ್ಲ. ಆದರೆ ಇದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಹಿಳೆಯರ ರಸ್ತೆ ರೇಸಿಗೆ ವಿಶ್ವ ಚಾಂಪಿಯನ್‌ಷಿಪ್ ಸಿಕ್ಕಿದ್ದು 1958ರಲ್ಲಿ. ಒಲಿಂಪಿಕ್ಸಿನಲ್ಲಿ ಜಾಗ ಸಿಕ್ಕಿದ್ದು 1984ರಲ್ಲಿ, ಬರ್ಟನ್ ಅವರಿಗೆ 47 ವರ್ಷವಾಗಿದ್ದಾಗ. ಅವರು ಉತ್ತುಂಗದಲ್ಲಿದ್ದ ಕಾಲದಲ್ಲಿ ಕ್ರೀಡಾ ಆಡಳಿತ ಅವರಿಗೆ ಒಲಿಂಪಿಕ್ ಬಾಗಿಲನ್ನೇ ಇಟ್ಟಿರಲಿಲ್ಲ.

ಪದಕ ಬಯಸಿದ ಸರ್ಕಾರ: ನಿಕೋಲ್ ಕುಕ್

1990ರ ದಶಕದ ಕೊನೆಗೆ ಬ್ರಿಟನ್ನಿನ ಲಾಟರಿ ಹಣ ಕ್ರೀಡೆಗೆ ಹರಿಯತೊಡಗಿತು. ಹಣದ ಗುರಿ ಒಲಿಂಪಿಕ್ ಪದಕ. ವೇಲ್ಸಿನ ನಿಕೋಲ್ ಕುಕ್ ಬೆಳೆದದ್ದು ಈ ವ್ಯವಸ್ಥೆಯ ಅಂಚಿನಲ್ಲಿ. 1999ರಲ್ಲಿ, 16ರ ವಯಸ್ಸಿನಲ್ಲಿ, ರಾಷ್ಟ್ರೀಯ ರಸ್ತೆ ಚಾಂಪಿಯನ್ ಆದರು. ಮುಂದೆ ಆ ಪಟ್ಟವನ್ನು ಒಟ್ಟು ಹತ್ತು ಸಲ ಗೆದ್ದರು. 2004ರಲ್ಲಿ ಇಟಲಿಯ ಮಹಿಳಾ ಜಿರೋ ರೇಸು ಅವರ ಪಾಲಾಯಿತು. 2008ರ ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸಿನ ರಸ್ತೆ ರೇಸಿನ ಚಿನ್ನ, ಸೆಪ್ಟೆಂಬರಿನಲ್ಲಿ ಇಟಲಿಯ ವರೇಸೆಯಲ್ಲಿ ವಿಶ್ವ ಪ್ರಶಸ್ತಿ. ಒಂದೇ ವರ್ಷದಲ್ಲಿ ಎರಡನ್ನೂ ಗೆದ್ದವರು ಅವರಿಗಿಂತ ಮೊದಲು ಗಂಡಸರಲ್ಲೂ ಯಾರೂ ಇರಲಿಲ್ಲ.

ಇಂಥ ಸಾಧನೆಯ ನಂತರವೂ ಮಹಿಳಾ ರಸ್ತೆ ತಂಡಗಳ ನೆಲ ಗಟ್ಟಿಯಾಗಲಿಲ್ಲ. ಮಹಿಳೆಯರಿಗೆ ಕನಿಷ್ಠ ವೇತನ ನಿಗದಿ ಮಾಡುವಷ್ಟು ಕ್ರೀಡೆ ಬೆಳೆದಿಲ್ಲವೆಂದು 2011ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಅಧ್ಯಕ್ಷ ಪ್ಯಾಟ್ ಮೆಕ್ವೈಡ್ ಹೇಳಿದರು. 2013ರ ಜನವರಿಯಲ್ಲಿ, 29ನೇ ವಯಸ್ಸಿನಲ್ಲಿ, ಕುಕ್ ನಿವೃತ್ತರಾದರು. ಆ ದಿನ ಅವರು ಓದಿದ ಹೇಳಿಕೆ ಉದ್ದೀಪನ ಮದ್ದಿನ ವಂಚಕರನ್ನು ನೇರವಾಗಿ ಖಂಡಿಸಿತು. 2017ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದರ ಮುಂದೆ ಸಾಕ್ಷ್ಯ ನುಡಿದು, ಸೈಕ್ಲಿಂಗ್ ಆಡಳಿತ ಗಂಡಸರ ಹಿತಕ್ಕಾಗಿಯೇ ನಡೆಯುತ್ತದೆಂದು ಆರೋಪಿಸಿದರು. ಪದಕಕ್ಕಾಗಿ ಹಣ ಕೊಡುವ ವ್ಯವಸ್ಥೆಯ ಕಣ್ಣು ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದು ದಿನದ ಮೇಲೆ. ನಡುವಿನ ಋತುಗಳಲ್ಲಿ ಆಟಗಾರ್ತಿಯ ಬಾಡಿಗೆ, ಚಿಕಿತ್ಸೆ, ಪ್ರಯಾಣ ಯಾರ ಜವಾಬ್ದಾರಿ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ನಿಯಮವಾದ ವೇತನ: ಲಿಜ್ಜಿ ಡೈಗ್ನನ್

ಉತ್ತರ ಬರಲು ಮತ್ತೆ ಕೆಲವು ವರ್ಷ ಬೇಕಾದವು. ಮಹಿಳಾ ವರ್ಲ್ಡ್ ಟೂರ್ ರೇಸು ಸರಣಿ ಶುರುವಾದದ್ದು 2016ರಲ್ಲಿ. 2020ರಿಂದ ಅದರ ಮೇಲ್ದರ್ಜೆಯ ತಂಡಗಳು ವರ್ಷಕ್ಕೆ ಕನಿಷ್ಠ 15,000 ಯೂರೋ ವೇತನ ಕೊಡುವುದು ಕಡ್ಡಾಯವಾಯಿತು. 2022ಕ್ಕೆ ಅದು 27,500 ಯೂರೋಗೆ ಏರಿತು. ಹೆರಿಗೆ ರಜೆಯೂ ನಿಯಮದೊಳಗೆ ಬಂತು. ಯಾರ್ಕ್‌ಷೈರಿನವರೇ ಆದ ಲಿಜ್ಜಿ ಡೈಗ್ನನ್ ಅವರ ವೃತ್ತಿ ಈ ಬದಲಾವಣೆಯ ನಡುವೆ ಸಾಗಿತು. 2015ರಲ್ಲಿ ವಿಶ್ವ ಚಾಂಪಿಯನ್ ಆದ ಅವರು 2018ರಲ್ಲಿ ಮಗುವಿನ ತಾಯಿಯಾಗಿ, ಮರಳಿ ಬಂದು 2020ರಲ್ಲಿ ಲಿಯೇಜ್-ಬಸ್ತೋನ್-ಲಿಯೇಜ್ ರೇಸು ಗೆದ್ದರು.

1896ರಿಂದ ಗಂಡಸರಿಗಷ್ಟೇ ನಡೆದ ಪ್ಯಾರಿಸ್-ರೂಬೆ ರೇಸು ಹೆಂಗಸರಿಗೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಗುರಿಗೆ ಇನ್ನೂ 80 ಕಿಲೋಮೀಟರಿನಷ್ಟು ದಾರಿ ಇರುವಾಗಲೇ ಡೈಗ್ನನ್ ಗುಂಪಿನಿಂದ ಮುಂದೆ ಹೋಗಿ, ಕೆಸರು ತುಂಬಿದ ಕಲ್ಲುಹಾಸಿನ ಮೇಲೆ ಒಬ್ಬರೇ ಓಡಿ ಗೆದ್ದರು. ಬಹುಮಾನ 1,535 ಯೂರೋ. ಗಂಡಸರ ವಿಜೇತನಿಗೆ 30,000. ಅವರ ತಂಡದ ಹಿಂದಿದ್ದ ಟ್ರೆಕ್ ಕಂಪನಿ ಈ ಅಂತರವನ್ನು ತಾನೇ ತುಂಬಿಕೊಟ್ಟಿತು. ಎಪ್ಪತ್ತು ವರ್ಷದ ಬಳಿಕವೂ ಹೆಚ್ಚುವರಿ ಹಣ ಬಂದದ್ದು ಸೈಕಲ್ ಮಾರುವವರಿಂದಲೇ. ವ್ಯತ್ಯಾಸ ಇಷ್ಟೇ: ಶೆರಿಡನ್ ಅವರ ಸಂಬಳ ಕಂಪನಿಯ ಇಚ್ಛೆಯಾಗಿತ್ತು, ಡೈಗ್ನನ್ ಅವರ ಸಂಬಳದ ತಳಪಾಯ ನಿಯಮವಾಗಿತ್ತು.

ಹೈದರಾಬಾದ್, ವಿಜಯಪುರ ಮತ್ತು ಸರ್ಕಾರಿ ನೌಕರಿ

ಭಾರತದಲ್ಲಿ ಸಂಬಳ ಕೊಡುವವರು ಬೇರೆ. ಇಲ್ಲಿ ರಸ್ತೆ ರೇಸಿನ ಮಹಿಳಾ ತಂಡಗಳ ಮಾರುಕಟ್ಟೆ ಬೆಳೆದಿಲ್ಲ. ಹುಡುಗಿಯ ಊಟ, ವಸತಿ, ತರಬೇತಿಯನ್ನು ಕ್ರೀಡಾ ವಸತಿನಿಲಯ ನೋಡಿಕೊಳ್ಳುತ್ತದೆ. ಮುಂದಿನ ಬದುಕನ್ನು ಕ್ರೀಡಾ ಕೋಟಾದ ನೌಕರಿ ನೋಡಿಕೊಳ್ಳಬೇಕು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ರೈಲ್ವೆ ತಂಡ ರಾಜ್ಯ ತಂಡಗಳ ಸಮಕ್ಕೆ ಪ್ರತ್ಯೇಕವಾಗಿ ಇಳಿಯುವುದು ಇದೇ ಕಾರಣಕ್ಕೆ. ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಕಚೇರಿ ಸಿಕಂದರಾಬಾದಿನಲ್ಲಿದೆ, ನೈಋತ್ಯ ರೈಲ್ವೆಯದು ಹುಬ್ಬಳ್ಳಿಯಲ್ಲಿ. ದಖನಿನ ಸೈಕಲ್ ಪಟುವಿನ ಆಸೆಯ ವಿಳಾಸಗಳಲ್ಲಿ ಇವೂ ಸೇರುತ್ತವೆ.

ಕರ್ನಾಟಕದಲ್ಲಿ ಈ ಆಟದ ಬೇರು ವಿಜಯಪುರ ಮತ್ತು ಬಾಗಲಕೋಟೆಯಲ್ಲಿದೆ. ಊರ ಜಾತ್ರೆಯ ಸೈಕಲ್ ಶರ್ಯತ್ತು, ಸಪಾಟಾದ ಉದ್ದನೆಯ ರಸ್ತೆ, ಸರ್ಕಾರಿ ಕ್ರೀಡಾ ವಸತಿನಿಲಯ, ಹಿರಿಯ ಓಟಗಾರರೇ ಕಿರಿಯರಿಗೆ ಕಲಿಸುವ ವಾಡಿಕೆ, ಇವೆಲ್ಲ ಕೂಡಿ ಎರಡೂ ಜಿಲ್ಲೆಗಳ ಹೆಣ್ಣುಮಕ್ಕಳನ್ನು ರಾಷ್ಟ್ರಮಟ್ಟಕ್ಕೆ ಒಯ್ದಿವೆ. ಮೇಘಾ ಗುಗಾಡ, ದಾನಮ್ಮ ಚಿಚಖಂಡಿ ಮೊದಲಾದವರು ಈ ಸೀಮೆಯಿಂದ ಹೊರಟವರು. ವಿಚಿತ್ರವೆಂದರೆ ವಿಜಯಪುರದ ಭೂತನಾಳ ಕೆರೆಯ ಬಳಿಯ ವೆಲೋಡ್ರೋಮ್ ಕಾಮಗಾರಿ ವರ್ಷಾನುಗಟ್ಟಲೆ ಎಳೆಯಿತು. ಹೈದರಾಬಾದಿಗೆ ಒಂದು ಕೂಟದ ನೆಪದಲ್ಲಿ ಪಥ ಬಂತು, ಓಟಗಾರ್ತಿಯರಿದ್ದ ವಿಜಯಪುರ ಕಾಯಬೇಕಾಯಿತು.

ಹೈದರಾಬಾದು ಸೈಕಲ್ಲಿಗೆ ಹಣ ಸುರಿಯದ ನಗರವಲ್ಲ. 2023ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯ ಪಕ್ಕ 23 ಕಿಲೋಮೀಟರ್ ಉದ್ದದ, ಸೌರ ಫಲಕಗಳ ಚಾವಣಿಯ ಸೈಕಲ್ ಪಥ ತೆರೆಯಿತು. ಆ ಚಾವಣಿ 16 ಮೆಗಾವಾಟ್ ವಿದ್ಯುತ್ ಉತ್ಪಾದಿಸಬಲ್ಲದು. ಆರೋಗ್ಯಕ್ಕಾಗಿ ತುಳಿಯುವವರಿಗೆ ಇದು ವರವೇ. ಆದರೆ ರೇಸಿನ ವೃತ್ತಿಗೆ ಬೇಕಾದದ್ದು ಕೋಚ್, ಕಾರ್ಬನ್ ಚೌಕಟ್ಟಿನ ಸೈಕಲ್, ಹೊರರಾಜ್ಯ ಮತ್ತು ಹೊರದೇಶದ ರೇಸುಗಳ ಖರ್ಚು. ಅವು ಈ ಲೆಕ್ಕದಲ್ಲಿ ಬರುವುದಿಲ್ಲ.

ರಾಷ್ಟ್ರಮಟ್ಟದಲ್ಲಿ ಹಣ ಹರಿದದ್ದು ಟ್ರ್ಯಾಕಿನ ಕಡೆಗೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಒಳಾಂಗಣದ ಮರದ ಪಥ ಬಂತು. ಅಲ್ಲಿ ಬೆಳೆದ ಅಂಡಮಾನಿನ ಡೆಬೊರಾ ಹೆರಾಲ್ಡ್ 2015ರ ಕೊನೆಗೆ 500 ಮೀಟರ್ ಟೈಮ್ ಟ್ರಯಲ್‌ನ ವಿಶ್ವ ಶ್ರೇಯಾಂಕದಲ್ಲಿ ನಾಲ್ಕನೆಯವರಾದರು. ಆದರೂ ಭಾರತದ ಸೈಕಲ್ ಪಟುಗಳು ಕೊನೆಯ ಸಲ ಒಲಿಂಪಿಕ್ಸಿನಲ್ಲಿ ಓಡಿದ್ದು 1964ರ ಟೋಕಿಯೋದಲ್ಲಿ. ಈವರೆಗೆ ಭಾರತದ ಯಾವ ಮಹಿಳೆಯೂ ಒಲಿಂಪಿಕ್ ಸೈಕ್ಲಿಂಗಿನಲ್ಲಿ ಸ್ಪರ್ಧಿಸಿಲ್ಲ. 2022ರಲ್ಲಿ ಸ್ಲೊವೇನಿಯಾದ ತರಬೇತಿ ಶಿಬಿರದಿಂದ ಆಟಗಾರ್ತಿಯೊಬ್ಬರು ದೂರು ಕೊಟ್ಟ ಬಳಿಕ ರಾಷ್ಟ್ರೀಯ ತಂಡದ ಕೋಚ್ ಒಬ್ಬರ ಒಪ್ಪಂದ ರದ್ದಾಯಿತು. ಹಣ, ಆಯ್ಕೆ, ತರಬೇತಿ ಮೂರೂ ಒಂದೇ ಕೈಯಲ್ಲಿ ಸೇರಿದಾಗ ದೂರು ಕೊಡಲು ಎಷ್ಟು ಧೈರ್ಯ ಬೇಕೆಂಬುದನ್ನು ಆ ಪ್ರಕರಣ ತೋರಿಸಿತು.

ಉಪಸಂಹಾರ

ಕಂಪನಿಗೆ ದಾಖಲೆ ಬೇಕಿತ್ತು, ಅದು ಮುಗಿದಾಗ ಶೆರಿಡನ್ ಅವರ ವೃತ್ತಿಯೂ ಮುಗಿಯಿತು. ಸರ್ಕಾರಕ್ಕೆ ಪದಕ ಬೇಕಿತ್ತು, ಕುಕ್ ಅದನ್ನು ತಂದರೂ ರಸ್ತೆ ರೇಸು ಬಡವಾಗಿಯೇ ಉಳಿಯಿತು. ನಮ್ಮಲ್ಲಿ ಪದಕವೆಂದರೆ ನೌಕರಿಯ ಅರ್ಜಿಗೆ ಲಗತ್ತಿಸುವ ಪ್ರಮಾಣಪತ್ರ. ಬಡ ಮನೆಯ ಹೆಣ್ಣುಮಗಳಿಗೆ ಆ ನೌಕರಿ ಕೊಡುವ ಭದ್ರತೆಯನ್ನು ಕೀಳಾಗಿ ಕಾಣಲಾಗದು. ಯೂರೋಪಿನ ಅನೇಕ ಓಟಗಾರ್ತಿಯರಿಗೆ ಬಹುಕಾಲ ಅಷ್ಟೂ ಸಿಗಲಿಲ್ಲ. ಆದರೆ ನೌಕರಿ ಸಿಕ್ಕ ದಿನವೇ ರೇಸಿನ ಆರ್ಥಿಕ ಕಾರಣ ಮುಗಿಯುತ್ತದೆ, ಅದೂ ರಸ್ತೆ ಓಟಗಾರ್ತಿಯ ಶಕ್ತಿ ಇನ್ನೂ ಮಾಗಬೇಕಾದ ವಯಸ್ಸಿನಲ್ಲಿ. ರೈಲ್ವೆ ಮತ್ತು ರಾಜ್ಯ ಸರ್ಕಾರಗಳು ನೇಮಕಾತಿಯ ಜೊತೆಗೆ ನೌಕರಿಯಲ್ಲಿರುವವರ ವಾರ್ಷಿಕ ರೇಸಿನ ಖರ್ಚು, ತರಬೇತಿಯ ರಜೆ ಮತ್ತು ಹೆರಿಗೆಯ ನಂತರ ಪಥಕ್ಕೆ ಮರಳುವ ಹಕ್ಕನ್ನು ನಿಯಮವಾಗಿ ಬರೆದರೆ, ಹೈದರಾಬಾದಿನ ಪಥಕ್ಕೂ ವಿಜಯಪುರದ ಪಥಕ್ಕೂ ಹುಡುಗಿಯರು ಇಪ್ಪತ್ತೈದರ ನಂತರವೂ ಬರಲು ಕಾರಣ ಸಿಗುತ್ತದೆ.