ರಜೆ ಹಕ್ಕೋ, ದಯೆಯೋ?

ಅರಸನ ಅನುಮತಿ ಇಲ್ಲದೆ ಬೊಕ್ಕಸದ ಹಣದಿಂದ ಗುಡಿ ಕಟ್ಟಿಸಿದ ವಿರೂಪಣ್ಣನ ಕತೆ ಲೇಪಾಕ್ಷಿಯಲ್ಲಿ ಎಲ್ಲರಿಗೂ ಗೊತ್ತು. ನಾವು ಮೇಷ್ಟ್ರುಗಳು ಅನುಮತಿ ಇಲ್ಲದೆ ಒಂದು ದಿನದ ರಜೆಯನ್ನೂ ಹಾಕುವಂತಿಲ್ಲ!

ಇದರ ಬೇರು ಬ್ರಿಟಿಷರ ಕಾಲದ್ದು. 1922ರಲ್ಲಿ ಜಾರಿಗೆ ಬಂದ ಮೂಲಭೂತ ನಿಯಮಗಳಲ್ಲಿ 67ನೆಯದು ಹೇಳುವುದಿಷ್ಟೇ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ, ಕೆಲಸದ ಅಗತ್ಯವಿದ್ದರೆ ಮೇಲಧಿಕಾರಿ ನಿರಾಕರಿಸಬಹುದು, ಕೊಟ್ಟದ್ದನ್ನು ರದ್ದು ಮಾಡಲೂಬಹುದು. ಆಗ ಅನಂತಪುರ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1933ರ ರಜೆ ನಿಯಮಗಳು ಬಂದದ್ದೂ ಆ ಕಾಲದಲ್ಲೇ. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ಆಂಧ್ರಪ್ರದೇಶ, 2022ರಲ್ಲಿ ನಾವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ರಾಜ್ಯ, ಜಿಲ್ಲೆ ಬದಲಾದರೂ ರಜೆ ನಿಯಮಗಳಿಗೆ ಇಂದಿಗೂ 1933 ಎಂದೇ ಹೆಸರು.

ವರ್ಷಕ್ಕೆ 15 ಸಿ.ಎಲ್. ಉಂಟು, ಉಳಿದದ್ದು ಮುಂದಿನ ವರ್ಷಕ್ಕೆ ಬರುವುದಿಲ್ಲ. ಸಿ.ಎಲ್. ಹಾಕಿದವರನ್ನು ಕೆಲಸದ ಮೇಲಿದ್ದಂತೆಯೇ ಲೆಕ್ಕ ಹಿಡಿಯುತ್ತಾರೆ. ಆದರೆ ಮಕ್ಕಳಿಗೆ ಆ ದಿನ ಪಾಠ ಮಾಡುವವರು ಯಾರು? ತೆಲುಗು ಶಾಲೆಗಾದರೆ ಪಕ್ಕದೂರಿನಿಂದ ಬದಲಿ ಮೇಷ್ಟ್ರನ್ನು ಕಳಿಸಬಹುದು. ಒಬ್ಬರೇ ಮೇಷ್ಟ್ರಿರುವ ಕನ್ನಡ ಶಾಲೆಗೆ ಕನ್ನಡ ಬಲ್ಲವರನ್ನು ಎಲ್ಲಿಂದ ತರುವುದು? ಹಾಗಾಗಿ 'ಕೆಲಸದ ಅಗತ್ಯ' ಎಂಬ ಮಾತು ನಮ್ಮ ಮೇಲೇ ಹೆಚ್ಚು ಭಾರ. ನಮಗೆ ಬೇಕಾದದ್ದು ಹೊಸ ನಿಯಮವಲ್ಲ, ಇನ್ನೊಬ್ಬ ಕನ್ನಡ ಮೇಷ್ಟ್ರು. ಏನಂತೀರಿ?