ಮಸ್ಕತ್‌ನಿಂದ ಸಲಾಲಾಗೆ ಬಾಡಿಗೆ ಕಾರಿನಲ್ಲಿ: ಹೊರಡುವ ಮೊದಲು ಇಷ್ಟು ತಿಳಿದಿರಲಿ

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಲ್ಫ್ ಪೂರ್ತಿ ಕಾದ ಬಾಣಲೆಯಂತಿದ್ದರೆ, ಒಮಾನ್‌ನ ಸಲಾಲಾ ಮಾತ್ರ ನಮ್ಮೂರ ಮಳೆಗಾಲದಂತೆ ಹಸಿರಾಗಿರುತ್ತದೆ. ಇದೇ ಖರೀಫ್. ಆ ಹಸಿರು ನೋಡಲು ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಕುಟುಂಬದ ಜೊತೆ ಕಾರು ಬಾಡಿಗೆಗೆ ಪಡೆದು ಹೊರಡುವ ಯುವಕರು ಹಲವರು. ಮಸ್ಕತ್‌ನಿಂದ ಸಲಾಲಾಗೆ ಸುಮಾರು 1,000 ಕಿ.ಮೀ. ದಾರಿ ಚೆನ್ನಾಗಿದೆ, ಆದರೆ ಕಾಗದಪತ್ರದಲ್ಲಾಗಲಿ, ನಿದ್ದೆಯಲ್ಲಾಗಲಿ ಎಡವಿದರೆ ಬೆಲೆ ದೊಡ್ಡದು.

ಲೈಸೆನ್ಸ್
ಊರಿನಿಂದ ಬರುವವರು ಭಾರತದ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ (ಐಡಿಪಿ) ತರುವುದು ಒಳ್ಳೆಯದು. ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಹಾಕಿದರೆ ಕಾಸರಗೋಡಿನವರಿಗೆ ಕಾಸರಗೋಡು ಆರ್‌ಟಿಒ, ಮಂಗಳೂರಿನವರಿಗೆ ಮಂಗಳೂರು ಆರ್‌ಟಿಒ ಕೊಡುತ್ತದೆ. ಅವಧಿ ಗರಿಷ್ಠ 1 ವರ್ಷ. ಒಮಾನ್‌ನಲ್ಲಿ ರೆಸಿಡೆನ್ಸ್ ಇರುವವರು ಐಡಿಪಿ ನಂಬುವಂತಿಲ್ಲ, ಅಲ್ಲಿಯ ಲೈಸೆನ್ಸೇ ಬೇಕು.

ಕರಾರು ಓದಿ
ದಿನದ ಬಾಡಿಗೆ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಹಲವು ಕರಾರುಗಳಲ್ಲಿ ದಿನಕ್ಕೆ ಇಷ್ಟೇ ಕಿ.ಮೀ. ಎಂಬ ಮಿತಿ ಇರುತ್ತದೆ. ಉದಾಹರಣೆಗೆ ಮಿತಿ 200 ಕಿ.ಮೀ. ಇದ್ದರೆ 5 ದಿನಕ್ಕೆ ಸಿಗುವುದು 1,000. ಸಲಾಲಾಗೆ ಹೋಗಿ ಬರಲು 2,000 ಬೇಕು. ಉಳಿದ 1,000ಕ್ಕೆ ಪ್ರತಿ ಕಿ.ಮೀ. ಲೆಕ್ಕದಲ್ಲಿ ಹೆಚ್ಚುವರಿ ಹಣ.

ವಿಮೆ ಇದ್ದರೂ ಅಪಘಾತದ ಖರ್ಚಿನಲ್ಲಿ ನಮ್ಮ ಪಾಲು ಎಷ್ಟು ಎಂದು ಕೇಳಿ. ಟೈರು, ಗಾಜು, ಕಾರಿನ ಅಡಿಭಾಗ ಅನೇಕ ಸಲ ವಿಮೆಯಿಂದ ಹೊರಗಿರುತ್ತವೆ. ಕರಾರಿನಲ್ಲಿ ಹೆಸರಿಲ್ಲದ ಭಾವನಿಗೆ "ಸ್ವಲ್ಪ ದೂರ ನೀನು ಓಡಿಸು" ಅಂತ ಸ್ಟಿಯರಿಂಗ್ ಕೊಟ್ಟು ಅಪಘಾತವಾದರೆ ವಿಮೆ ಸಿಗದೇ ಹೋಗಬಹುದು. ಓಡಿಸುವವರೆಲ್ಲರ ಹೆಸರು ಮೊದಲೇ ಬರೆಸಿ. ಕಾರು ಪಡೆಯುವಾಗ ನಾಲ್ಕೂ ಕಡೆಯ ವಿಡಿಯೋ ಮಾಡಿಟ್ಟುಕೊಳ್ಳಿ.

ಯುಎಇಯಲ್ಲಿ ಕಾರು ಪಡೆದು ಗಡಿ ದಾಟುವವರಿಗೆ ಬಾಡಿಗೆ ಕಂಪೆನಿಯ ಅನುಮತಿ ಪತ್ರ, ಒಮಾನ್‌ನಲ್ಲಿ ಚಾಲ್ತಿಯಾಗುವ ವಿಮೆ ಎರಡೂ ಬೇಕು.

ದಾರಿಯಲ್ಲಿ
ಅಲ್ಲಿ ವಾಹನ ಓಡುವುದು ರಸ್ತೆಯ ಬಲಗಡೆ. ವೃತ್ತದೊಳಗೆ ಇರುವ ವಾಹನಕ್ಕೆ ಮೊದಲ ಹಕ್ಕು. ನಿಜ್ವಾ, ಆದಮ್ ದಾಟಿದ ಮೇಲೆ ಹೈಮಾ, ತುಮ್ರೈತ್‌ವರೆಗೆ ನೂರಾರು ಕಿ.ಮೀ. ನೇರ ಮರುಭೂಮಿ. ತಿರುವಿಲ್ಲದ ಈ ದಾರಿಯಲ್ಲೇ ಕಣ್ಣು ಎಳೆಯುವುದು. ರಾತ್ರಿ ಒಂಟೆ ರಸ್ತೆಗೆ ಬಂದರೆ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಆದ್ದರಿಂದ ಹಗಲಲ್ಲೇ ಓಡಿಸಿ, ಹೈಮಾದಲ್ಲಿ ರಾತ್ರಿ ತಂಗಿ. ಪೆಟ್ರೋಲ್ ಪಂಪ್ ಸಿಕ್ಕಲ್ಲಿ ಟ್ಯಾಂಕ್ ತುಂಬಿಸಿ, ನೀರು ಧಾರಾಳ ಇರಲಿ. ತುಮ್ರೈತ್‌ನಿಂದ ಇಳಿಯುವ ಗುಡ್ಡದಲ್ಲಿ ಖರೀಫ್ ಕಾಲಕ್ಕೆ ದಟ್ಟ ಮಂಜು. ಅಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಮಳೆ ಬಂದಾಗ ಹರಿಯುವ ವಾದಿಗೆ ಕಾರು ಇಳಿಸಬೇಡಿ. ಅದು ಜೀವಕ್ಕೂ ಅಪಾಯ, ಕಾನೂನಿನಲ್ಲೂ ಅಪರಾಧ. ದಾರಿ ಮಧ್ಯೆ ಜಬಲ್ ಅಖ್ದರ್ ನೋಡಬೇಕೆಂದರೆ 4x4 ಕಾರೇ ಬೇಕು, ಪೊಲೀಸರು ಕೆಳಗೇ ತಡೆಯುತ್ತಾರೆ.

ಅಪಘಾತವಾದರೆ
ತುರ್ತು ಸಂಖ್ಯೆ 9999. ಸಣ್ಣ ಗೀರಾದರೂ ಕಂಪೆನಿಗೆ ತಿಳಿಸಿ, ಅಪಘಾತದ ವರದಿ ಪಡೆಯಿರಿ. ವರದಿ ಇಲ್ಲದಿದ್ದರೆ ವಿಮೆ ಕೇಳುವುದು ಕಷ್ಟ, ರಿಪೇರಿಯ ಪೂರ್ತಿ ಹಣ ಡೆಪಾಸಿಟ್‌ನಿಂದಲೇ ಹೋಗಬಹುದು.