ಕಡಲ ತಳದಲ್ಲೊಂದು ತಕ್ಕಡಿ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಕೂತು ಸಮುದ್ರದ ಬಗ್ಗೆ ಬರೆಯೋದಾ ಅಂತ ನಗಬೇಡಿ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ "ಸಮುದ್ರ ಮಟ್ಟದಿಂದ ಇಷ್ಟು ಮೀಟರ್" ಅಂತ ಬರೆದಿರುತ್ತಾರಲ್ಲ, ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಆದರೆ ಯಾವ ಸಮುದ್ರದ ಮಟ್ಟ? 1909ರಲ್ಲಿ ಸರ್ವೆ ಆಫ್ ಇಂಡಿಯಾ ಇಡೀ ದೇಶಕ್ಕೆ ಒಂದು ಆಧಾರ ಮಟ್ಟ ಗೊತ್ತು ಮಾಡಿದಾಗ ಒಂಬತ್ತು ಬಂದರುಗಳ ಉಬ್ಬರವಿಳಿತದ ಲೆಕ್ಕ ಹಿಡಿದಿತ್ತು. ಅದರಲ್ಲಿ ನಮ್ಮ ಕಾರವಾರವೂ ಒಂದು!

ಆ ಕಾಲದ ಯಂತ್ರ ಸರಳ. ಬಾವಿಯಂಥ ಕೊಳವೆಯಲ್ಲಿ ತೇಲುವ ಬುರುಡೆ, ಅದಕ್ಕೆ ಜೋಡಿಸಿದ ಪೆನ್ಸಿಲ್ಲು, ಸುತ್ತುವ ಕಾಗದ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಎದ್ದ ಅಲೆಗಳನ್ನೂ ಭಾರತದ ತೀರದ ಇಂಥ ಯಂತ್ರಗಳು ಗೀಚಿಟ್ಟಿದ್ದವು. ಆದರೆ ತೀರದ ಯಂತ್ರಕ್ಕೊಂದು ಮಿತಿ ಇದೆ. ಅಲೆ ಬಂದು ಬಡಿದ ಮೇಲೇ ಅದಕ್ಕೆ ಸುದ್ದಿ.

ಮೊದಲೇ ತಿಳಿಯಬೇಕಾದರೆ ನಡುಗಡಲಿನಲ್ಲಿ ಅಳೆಯಬೇಕು. ಅಲ್ಲಿ ಸುನಾಮಿಯ ಎತ್ತರ ಕೆಲವೊಮ್ಮೆ ಬರೀ ಕೆಲವು ಸೆಂಟಿಮೀಟರ್. ಮೇಲೆ ಗಾಳಿಯ ಅಲೆಗಳು ಮೀಟರುಗಟ್ಟಲೆ ಕುಣಿಯುತ್ತಿರುವಾಗ ಅದನ್ನು ಹುಡುಕುವುದು ಹೇಗೆ? ಇದಕ್ಕೆ ಸಮುದ್ರವೇ ಜರಡಿ ಹಿಡಿದು ಕೊಡುತ್ತದೆ. ಗಾಳಿಯ ಅಲೆಗಳ ಒತ್ತಡ ಆಳಕ್ಕೆ ಇಳಿದಂತೆ ಸತ್ತುಹೋಗುತ್ತದೆ. ನಿಮಿಷಗಟ್ಟಲೆ, ಗಂಟೆಗಟ್ಟಲೆ ನಿಧಾನವಾಗಿ ಏರಿಳಿಯುವ ಸುನಾಮಿ, ಉಬ್ಬರವಿಳಿತಗಳ ಒತ್ತಡ ಮಾತ್ರ ತಳ ಮುಟ್ಟುತ್ತದೆ. ಅಂದರೆ ತಳದಲ್ಲಿ ಒಂದು ತಕ್ಕಡಿ ಇಟ್ಟು ಮೇಲಿನ ನೀರನ್ನು ತೂಗಿದರೆ ಸಾಕು!

ಹೇಳೋದು ಸುಲಭ ಬಿಡಿ. 4000 ಮೀಟರ್ ಆಳದಲ್ಲಿ ಒತ್ತಡ ಸುಮಾರು 400 ವಾಯುಮಂಡಲದಷ್ಟು. ಒಂದು ಸೆಂಟಿಮೀಟರ್ ನೀರು ಹೆಚ್ಚಿದರೆ ಅದರಲ್ಲಿ ನಾಲ್ಕು ಲಕ್ಷದಲ್ಲೊಂದು ಪಾಲು ವ್ಯತ್ಯಾಸ. 1960ರ ದಶಕದಲ್ಲಿ ಅಮೆರಿಕದ ವಾಲ್ಟರ್ ಮಂಕ್, ಫ್ರಾಂಕ್ ಸ್ನಾಡ್‌ಗ್ರಾಸ್ ಮೊದಲಾದವರು ಉಪಕರಣಗಳನ್ನು ಆಳ ಸಮುದ್ರದ ತಳಕ್ಕೆ ಬಿಟ್ಟು ಅಳೆದರು. ಮುಂದೆ ಒತ್ತಡಕ್ಕೆ ತಕ್ಕಂತೆ ಕಂಪನ ಬದಲಿಸುವ ಕ್ವಾರ್ಟ್ಜ್ ಹರಳು ಬಂದು ಕೆಲಸ ಹಗುರವಾಯಿತು.

ಆದರೆ 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದಲ್ಲಿ ಇಂಥ ಎಚ್ಚರಿಕೆಯ ಜಾಲವೇ ಇರಲಿಲ್ಲ. ಬೆಳಿಗ್ಗೆ 6:28ಕ್ಕೆ ಭೂಕಂಪ ಆಯಿತು. ಚೆನ್ನೈಗೆ ಅಲೆ ಬಂದಿದ್ದು ಎರಡು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟು ಹೊತ್ತು ಇತ್ತು, ಹೇಳುವವರಿರಲಿಲ್ಲ. ಎಲ್ಲ ದೇಶಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಹೋದರು.

2007ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ನಮ್ಮದೇ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ತಳದ ಯಂತ್ರ ಶಬ್ದದ ಮೂಲಕ ಮೇಲಿನ ತೇಲುಬುರುಡೆಗೆ, ಅದು ಉಪಗ್ರಹಕ್ಕೆ, ಅಲ್ಲಿಂದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. 2012ರ ಏಪ್ರಿಲ್ 11ರಂದು ಸುಮಾತ್ರದ ಬಳಿ 8.6 ತೀವ್ರತೆಯ ಭೂಕಂಪ ಆದಾಗ ತಳದ ಯಂತ್ರಗಳು ಕಂಡದ್ದು ಕೆಲವೇ ಸೆಂಟಿಮೀಟರ್ ಏರಿಳಿತ. ದೊಡ್ಡ ಅಪಾಯವಿಲ್ಲ ಅಂತ ಹೇಳುವುದಕ್ಕೂ ಈ ತಕ್ಕಡಿ ಬೇಕು. ಸುಮ್ಮಸುಮ್ಮನೆ ಓಡಿಸಿದರೆ ಮುಂದಿನ ಸಲ ಯಾರೂ ಓಡುವುದಿಲ್ಲ.

ಸುನಾಮಿ ಬಂಗಾಳ ಕೊಲ್ಲಿಯ ಕಾಟ ಮಾತ್ರ ಅಂದುಕೊಳ್ಳಬೇಡಿ. 1945ರ ನವೆಂಬರ್ 28ರಂದು ಮಕ್ರಾನ್ ತೀರದಲ್ಲಿ ಎದ್ದ ಸುನಾಮಿ ಮುಂಬೈವರೆಗೂ ಬಂದು ಜೀವ ತೆಗೆದಿತ್ತು. ಅದೇ ಅರಬ್ಬೀ ಸಮುದ್ರ ನಮ್ಮ ಕಾರವಾರದ್ದು, ಮಲ್ಪೆಯದ್ದು, ಮಂಗಳೂರಿನದ್ದು.

ಬೇಸರದ ಸಂಗತಿ ಅಂದರೆ ಮೀನುಗಾರಿಕೆ ದೋಣಿಗಳಿಂದಲೇ ಈ ತೇಲುಬುರುಡೆಗಳಿಗೆ ಪದೇ ಪದೇ ಹಾನಿಯಾಗಿದೆ. ಬುರುಡೆಯ ನೆರಳಲ್ಲಿ ಮೀನು ಸೇರುತ್ತವೆ, ದೋಣಿಗಳೂ ಬರುತ್ತವೆ. ಅಲೆ ಬಂದರೆ ಮೊದಲು ಹೋಗುವುದು ಅವರದೇ ಮನೆ ಅಲ್ಲವೇ? ಕರಾವಳಿಯ ಬ್ಲಾಗಿಗರೇ, ನಿಮ್ಮ ಕಡೆ ದೋಣಿಗೆ ಹೋಗುವವರಿಗೆ ಈ ಹಳದಿ ಬುರುಡೆಯ ಕತೆ ಹೇಳ್ತೀರಾ?